ನೆರೆಯವನ ಬೇಲಿಯೂ ಭಕ್ತನ ಕ್ಷಮೆಯೂ

ಗೃಹಸ್ಥನ ಬಾಳಿನಲ್ಲಿ ಒದಗುವ ಕಲಹಗಳೊಳಗೆ ನೆರೆಯವನೊಡನೆ ಒದಗುವ ಕಲಹವು ಬಹು ಕಠಿಣವಾದುದು. ದೂರದವನೊಡನೆ ಮನಸ್ತಾಪವಾದರೆ ಅವನನ್ನು ಕಾಣದೆ ದಿನ ಕಳೆಯಬಹುದು. ನೆರೆಯವನನ್ನಾದರೋ ಬೆಳಗಾದರೆ ತೋಟದ ಬದುವಿನ ಮೇಲೆ ನೋಡಲೇಬೇಕು. ಅವನ ಮನೆಯ ಮದುವೆಯ ಚಪ್ಪರಕ್ಕೆ ನಮ್ಮ ತೋಟದ ತೆಂಗಿನ ಗರಿ ಹೋಗಬೇಕು; ನಮ್ಮ ಮನೆಯಲ್ಲಿ ಒಂದು ಸಾವಾದರೆ ಮೊದಲು ಬಂದು ನಿಲ್ಲುವವನು ಅವನೇ. ಇಂತಹ ನೆರೆಯವನು ಉಳುವಾಗ ಬದುವನ್ನು ಒಂದು ಗೇಣು ಒತ್ತಿದರೆ, ಬೇಲಿಯನ್ನು ಎರಡಡಿ ಈಚೆಗೆ ಸರಿಸಿ ನೆಟ್ಟರೆ, ಶಿವಭಕ್ತನಾದವನು ಏನು ಮಾಡತಕ್ಕದ್ದು? ಕೇಳಿದರೆ ಲೋಭಿಯೆನಿಸಿಕೊಳ್ಳುವ ಭಯ. ಕೇಳದಿದ್ದರೆ ಹೇಡಿಯೆನಿಸಿಕೊಳ್ಳುವ ಭಯ. ಈ ಎರಡು ಭಯಗಳ ನಡುವೆ ಧರ್ಮವು ಎಲ್ಲಿದೆಯೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಇದು ದೊಡ್ಡ ನದಿಯ ನಾಲೆಗಳಿಲ್ಲದ ನಾಡು. ಕೆರೆ, ಬಾವಿ, ಈಚೆಗೆ ಕೊಳವೆಬಾವಿ ಇವುಗಳನ್ನೇ ನಂಬಿ ಜನರು ಹಿಪ್ಪುನೇರಳೆ, ದ್ರಾಕ್ಷಿ, ಮಾವು, ತರಕಾರಿ, ಹೂವುಗಳ ತೋಟಗಳನ್ನು ಮಾಡಿಕೊಂಡಿದ್ದಾರೆ. ಹಿಡುವಳಿಗಳು ಚಿಕ್ಕವು, ಅಣ್ಣತಮ್ಮಂದಿರು ಭಾಗವಾಗುತ್ತ ಬಂದಂತೆ ಮತ್ತಷ್ಟು ಚಿಕ್ಕವಾಗಿವೆ. 2007ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾಯಿತು. 2008ರಲ್ಲಿ ಪಕ್ಕದ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವು ಆರಂಭವಾಯಿತು. ಅಲ್ಲಿಂದೀಚೆಗೆ ಭೂಮಿಯ ಬೆಲೆಯು ಏರಿದ ಬಗೆಯನ್ನು ವಾಚಕರು ಬಲ್ಲರು. ಬೆಲೆಯೇರಿದೊಡನೆ ಹಿಂದೆ ಯಾರೂ ನೋಡದಿದ್ದ ಬದುಗಳನ್ನು ಈಗ ಎಲ್ಲರೂ ನೋಡತೊಡಗಿದ್ದಾರೆ.

ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ, ಅಂದರೆ 1089 ಚದರಡಿ. ಅಂತಹ 40 ಗುಂಟೆಗಳು ಸೇರಿ ಒಂದು ಎಕರೆ. 132 ಅಡಿ ಉದ್ದದ ಬೇಲಿಯನ್ನು ಕೇವಲ ಮೂರಡಿ ಸರಿಸಿದರೆ 396 ಚದರಡಿ ನೆಲವು ಕೈಬದಲಾಗುತ್ತದೆ. ಅದು ಗುಂಟೆಯ ಮೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಇಷ್ಟರಲ್ಲಿ ಒಂದು ಬಡಕುಟುಂಬವು ಮನೆ ಕಟ್ಟಿಕೊಳ್ಳಬಹುದು. ಆದುದರಿಂದ ಮೂರಡಿಯೇನು ಮಹಾ ಎನ್ನುವ ಮಾತು ಲೆಕ್ಕಕ್ಕೂ ನಿಲ್ಲದು, ಧರ್ಮಕ್ಕೂ ನಿಲ್ಲದು.

ಈ ಲೆಕ್ಕವನ್ನು ನಾನು ಪುಸ್ತಕದಿಂದ ತೆಗೆದುಕೊಂಡುದಲ್ಲ. ಶಿಡ್ಲಘಟ್ಟದ ಕಡೆಯ ಒಂದು ಗ್ರಾಮದಲ್ಲಿ ನನಗೆ ಪಿತ್ರಾರ್ಜಿತವಾಗಿ ಬಂದ ಒಂದು ಸಣ್ಣ ತೋಟವಿದೆ. ಅದರ ಮೂಡಲ ದಿಕ್ಕಿಗೆ ನನ್ನ ತಂದೆಯವರ ಕಾಲದಿಂದಲೂ ಕತ್ತಾಳೆಯ ಬೇಲಿಯಿತ್ತು. ನೆರೆಯ ತೋಟದ ಯುವಕನು ಒಂದು ಬೇಸಿಗೆಯಲ್ಲಿ ಆ ಕತ್ತಾಳೆಯನ್ನು ಕೀಳಿಸಿ, ಕಲ್ಲುಕಂಬಗಳನ್ನು ನೆಡಿಸಿ, ತಂತಿಯನ್ನು ಬಿಗಿಸಿದನು. ನಾನು ಪಾಠಶಾಲೆಯ ರಜೆಯಲ್ಲಿ ಹೋಗಿ ನೋಡಿದಾಗ ಕಂಬಗಳು ನಮ್ಮ ನೆಲದೊಳಗೆ ಬಂದಿರುವುದು ಕಣ್ಣಿಗೇ ತೋರುತ್ತಿತ್ತು. ನಾನು ಏನೂ ಮಾತಾಡಲಿಲ್ಲ. ಶರಣರ ಕ್ಷಮಾಗುಣವನ್ನು ವಿದ್ಯಾರ್ಥಿಗಳಿಗೆ ಬೋಧಿಸುವವನು ಮೂರಡಿ ಮಣ್ಣಿಗಾಗಿ ಕೈ ಎತ್ತಬಾರದೆಂದು ನನಗೆ ನಾನೇ ಹೇಳಿಕೊಂಡೆನು. ಹೀಗೆ ಒಂಬತ್ತು ವರ್ಷಗಳು ಕಳೆದವು.

ಆ ಒಂಬತ್ತು ವರ್ಷಗಳಲ್ಲಿ ನಾನು ಕ್ಷಮಿಸಿದ್ದೆನೆ? ಸತ್ಯವನ್ನು ಹೇಳುವುದಾದರೆ, ಇಲ್ಲ. ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಕುಳಿತಾಗ ದೃಷ್ಟಿಯು ಲಿಂಗದ ಮೇಲಿರುತ್ತಿತ್ತು. ಮನಸ್ಸು ಆ ಕಲ್ಲುಕಂಬಗಳನ್ನು ಒಂದೊಂದಾಗಿ ಎಣಿಸುತ್ತಿತ್ತು. ಆ ಯುವಕನ ಬೆಳೆಯು ಕೆಟ್ಟಿತೆಂದು ಯಾರಾದರೂ ಹೇಳಿದರೆ ಬಾಯಲ್ಲಿ ಅಯ್ಯೋ ಎನ್ನುತ್ತಿದ್ದೆನು. ಒಳಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಅವನು ಎದುರಾಗಿ ನಮಸ್ಕರಿಸಿದರೆ ಪ್ರತಿನಮಸ್ಕಾರವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆನು. ಮನೆಯಲ್ಲಿ ಮಾತ್ರ ಕಾರಣವಿಲ್ಲದೆ ಸಿಡುಕುತ್ತಿದ್ದೆನು. ಕೊನೆಗೊಂದು ದಿನ ನನ್ನ ಪತ್ನಿಯು, “ಆ ನೆಲವನ್ನು ಅವನಿಗೆ ಕೊಟ್ಟಿದ್ದೀರಾದರೆ ಕೊಟ್ಟೆನೆಂದು ಹೋಗಿ ಹೇಳಿಬನ್ನಿ. ಕೊಟ್ಟಿಲ್ಲವಾದರೆ ಹೋಗಿ ಕೇಳಿಬನ್ನಿ. ಎರಡನ್ನೂ ಮಾಡದೆ ನಮ್ಮ ಮೇಲೇಕೆ ಹರಿಹಾಯುತ್ತೀರಿ?” ಎಂದಳು. ಹನ್ನೆರಡನೆಯ ಶತಮಾನದ ಲಕ್ಕಮ್ಮನ ಕಥೆಯನ್ನು ಎಷ್ಟೋ ಸಲ ಪಾಠ ಹೇಳಿದ್ದ ನನಗೆ ಅಂದು ಅದರ ಅರ್ಥವಾಯಿತು.

ಆಯ್ದಕ್ಕಿಯ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಅದು ಕಳ್ಳತನದ ಅಕ್ಕಿಯಲ್ಲ. ನೆಲದ ಮೇಲೆ ಬಿದ್ದಿದ್ದ ಅಕ್ಕಿಯೇ. ಆದರೂ ಲಕ್ಕಮ್ಮನು ಅದನ್ನು ಒಪ್ಪದೆ, ಅಗತ್ಯವಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಬಿದ್ದಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಕಳುಹಿಸಿದಳು. ಹಾದಿಯಲ್ಲಿ ಕಾಣುವ ಪರಧನದ ಕಡೆಗೆ ಕೈಚಾಚದಿರುವ ಶರಣೆ ಸತ್ಯಕ್ಕನ ನಿಷ್ಠೆಯೂ ಇದೇ ಜಾತಿಯದು. ಬಸವಣ್ಣನವರು ಲೋಕಕ್ಕೆ ಹೇಳಿದ ಬಹಿರಂಗಶುದ್ಧಿಯ ವಿಧಿಗಳಲ್ಲಿ ಕಳ್ಳತನದ ನಿಷೇಧವೇ ಮೊದಲನೆಯದೆಂಬುದನ್ನು ಭಕ್ತರೆಲ್ಲರೂ ಬಲ್ಲರು. ಬಿದ್ದ ಅಕ್ಕಿಯಲ್ಲಿಯೂ ಹೆಚ್ಚಿನದು ಬೇಡವೆಂದ ಮತಕ್ಕೆ ನೆಟ್ಟ ಕಲ್ಲನ್ನು ಕಿತ್ತು ಸರಿಸುವುದು ಎಷ್ಟು ದೂರವಾದುದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನಮ್ಮ ಪೂರ್ವಿಕರು ಎಲ್ಲೆಯನ್ನು ಸಾಮಾನ್ಯ ವಸ್ತುವೆಂದು ಎಣಿಸಿರಲಿಲ್ಲ. ಶಿವಾಲಯಕ್ಕೆ ಬಿಟ್ಟ ಭೂಮಿಯ ಸುತ್ತ ಲಿಂಗದ ಗುರುತನ್ನು ಕೊರೆದ ಕಲ್ಲುಗಳನ್ನು ನೆಡುತ್ತಿದ್ದರು. ಅವುಗಳಿಗೆ ಲಿಂಗಮುದ್ರೆಯ ಕಲ್ಲುಗಳೆಂದು ಹೆಸರು. ವೈಷ್ಣವ ಭೂಮಿಗಳಿಗೆ ವಾಮನಮುದ್ರೆ, ಜೈನರವುಗಳಿಗೆ ಮುಕ್ಕೊಡೆ. ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುವನೆಂಬ ಶಾಪವು ಕನ್ನಡ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಟ್ಟವನೇ ಹಿಂದಕ್ಕೆ ತೆಗೆದುಕೊಂಡರೂ ಅದೇ ಶಾಪವೆಂಬುದು ಗಮನಿಸತಕ್ಕ ಅಂಶ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಚಿಂತನಾರ್ಹವಾದುದು. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಅದರಲ್ಲಿ ಸೀಮಾವಿವಾದಕ್ಕೇ ಒಂದು ಪ್ರಕರಣವಿದೆ. ಸುತ್ತಣ ಹೊಲದವರು, ವೃದ್ಧರು, ದನಗಾಹಿಗಳು ಬಂದು ದಿಣ್ಣೆ, ಮರ, ಹುತ್ತ, ಹೂತಿಟ್ಟ ಇದ್ದಿಲು, ಹೊಟ್ಟು ಮುಂತಾದ ಗುರುತುಗಳಿಂದ ಎಲ್ಲೆಯನ್ನು ನಿರ್ಣಯಿಸಬೇಕು. ಗುರುತುಗಳು ಸಿಕ್ಕದಿದ್ದರೆ ಸಾಕ್ಷಿಗಳು ಕೆಂಪು ಹೂಮಾಲೆಯನ್ನೂ ಕೆಂಪು ವಸ್ತ್ರವನ್ನೂ ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು ಎಲ್ಲೆಯನ್ನು ನಡೆದು ತೋರಿಸಬೇಕು. ತಲೆಯ ಮೇಲಿನ ಮಣ್ಣು ಸುಳ್ಳು ಹೇಳಲು ಬಿಡುವುದಿಲ್ಲವೆಂಬ ನಂಬಿಕೆ. ಈ ಗ್ರಂಥವು ಹುಟ್ಟಿದ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಶರಣರು ವಚನಗಳನ್ನು ಹಾಡಿದರು. ಒಂದೇ ಪಟ್ಟಣವು ಹೊರಗಿನ ಎಲ್ಲೆಯ ಶಾಸ್ತ್ರವನ್ನೂ ಒಳಗಿನ ಆಸೆಯ ಎಲ್ಲೆಯನ್ನೂ ನಮಗೆ ಕೊಟ್ಟಿತು. ಗೃಹಸ್ಥನಿಗೆ ಎರಡೂ ಬೇಕೆಂಬುದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ಪೂರ್ವಪಕ್ಷವಿದೆ. “ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯನ್ನಗಲಿದ ಕರುಗಳು ಬಳಲಬಾರದೆಂದು ಬಸವಣ್ಣನವರು ಕರುಗಳನ್ನೂ ಅವರ ಬಳಿಗೆ ಅಟ್ಟಿಸಿದರೆಂಬ ಕಥೆಯನ್ನು ನಾವು ಕೇಳಿಲ್ಲವೆ? ಅವರ ಮಾರ್ಗದಲ್ಲಿ ನಡೆಯುವವನು ಬೇಲಿಯನ್ನು ಅಳೆಯಿಸುವುದು ಸರಿಯೆ?” ಎಂದು ಕೇಳಬಹುದು. ಪ್ರಶ್ನೆಯು ಯೋಗ್ಯವಾದುದೇ. ಆದರೆ ಕಥೆಯನ್ನು ಚೆನ್ನಾಗಿ ನೋಡಬೇಕು. ಹಸುಗಳು ಹೋದುದು ಬಸವಣ್ಣನವರಿಗೆ ತಿಳಿದಿತ್ತು. ತಿಳಿದೇ ಅವರು ಕರುಗಳನ್ನು ಕೊಟ್ಟರು. ಕೊಟ್ಟ ಮೇಲೆ ಕಳ್ಳರನ್ನು ಮನಸ್ಸಿನಲ್ಲಿ ಶಪಿಸುತ್ತ ಕೂಡಲಿಲ್ಲ. ಅಲ್ಲಿ ಅರಿವಿದೆ, ಕೊಡುವಿಕೆಯಿದೆ, ಕೊಟ್ಟ ಮೇಲಿನ ನಿಶ್ಚಿಂತೆಯಿದೆ. ನನ್ನ ಒಂಬತ್ತು ವರ್ಷಗಳ ಮೌನದಲ್ಲಿ ಈ ಮೂರರಲ್ಲಿ ಯಾವುದಿತ್ತು? ಜಗಳಕ್ಕೆ ಹೆದರಿದವನು ತನ್ನ ಹೆದರಿಕೆಗೆ ಕ್ಷಮೆಯೆಂದು ಹೆಸರಿಟ್ಟರೆ ಅದು ಕ್ಷಮೆಯಾಗದು. ಕೊಡುವವನಿಗೆ ತಾನು ಕೊಡುತ್ತಿರುವುದು ಏನೆಂದು ಗೊತ್ತಿರಬೇಕು. ತೆಗೆದುಕೊಳ್ಳುವವನಿಗೂ ತಾನು ಪಡೆಯುತ್ತಿರುವುದು ಇನ್ನೊಬ್ಬರದೆಂದು ಗೊತ್ತಿರಬೇಕು. ಅಳತೆಯಿಲ್ಲದೆ ಇವೆರಡೂ ಸಾಧ್ಯವಿಲ್ಲ.

ಎರಡನೆಯ ಆಕ್ಷೇಪವು ಇದಕ್ಕೆ ವಿರುದ್ಧವಾದುದು. “ನಮ್ಮ ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಅನ್ಯಾಯವನ್ನು ಸಹಿಸಬಾರದೆಂದು ಅದು ಹೇಳುತ್ತದೆ. ಹೀಗಿರಲು ಬೇಲಿಯನ್ನು ಆ ಕ್ಷಣದಲ್ಲಿಯೇ ಕಿತ್ತೆಸೆಯಬೇಕಲ್ಲವೆ?” ಎಂದು ರೋಷವುಳ್ಳ ಯುವಕರು ಕೇಳುತ್ತಾರೆ. ಶಿವನಿಂದೆಯನ್ನೂ ಶಿವಭಕ್ತರ ನಿಂದೆಯನ್ನೂ ಸಹಿಸದಿರುವುದು ಗಣಾಚಾರದ ಮುಖ್ಯಾರ್ಥ. ನನ್ನ ಮೂರಡಿ ನೆಲವು ಹೋದುದು ಶಿವನಿಂದೆಯಲ್ಲ. ನನ್ನ ಅಭಿಮಾನಕ್ಕಾದ ಗಾಯಕ್ಕೆ ಗಣಾಚಾರದ ಹೆಸರನ್ನು ಹಚ್ಚಿ ಹಾರೆಯನ್ನು ಹಿಡಿದು ಹೊರಡುವುದು ಆಚಾರಕ್ಕೆ ಅಪಚಾರ. ಸದಾಚಾರವೂ ಭೃತ್ಯಾಚಾರವೂ ಜೊತೆಗಿಲ್ಲದ ಗಣಾಚಾರವು ಬರಿಯ ಕ್ರೋಧವಾಗಿ ಉಳಿಯುತ್ತದೆ. ಮೊದಲು ನನ್ನ ನಡೆಯು ಶುದ್ಧವಾಗಿದೆಯೆ ಎಂದು ನೋಡಿಕೊಳ್ಳಬೇಕು; ಆಮೇಲೆ ವಿನಯದಿಂದ ಕೇಳಬೇಕು; ಕೇಳಿದರೂ ಆಗದಿದ್ದರೆ ನ್ಯಾಯದ ದಾರಿಯಲ್ಲಿ ದೃಢವಾಗಿ ನಿಲ್ಲಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದವರ ಕಾಗದಗಳ ಕಟ್ಟುಗಳೇ ನಮ್ಮ ನ್ಯಾಯಾಲಯಗಳಲ್ಲಿ ತಲೆಮಾರುಗಟ್ಟಲೆ ಧೂಳು ತಿನ್ನುತ್ತಿವೆ.

ಲೋಕದ ಕಾನೂನು ಕೂಡ ಮೌನವನ್ನು ದಾನವೆಂದು ಮನ್ನಿಸುವುದಿಲ್ಲ. 1963ರ ಕಾಲಮಿತಿ ಅಧಿನಿಯಮದಂತೆ, ಖಾಸಗಿ ಭೂಮಿಯನ್ನು ಒಬ್ಬನು ಒಡೆಯನ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದರೆ, ಒಡೆಯನು ತನ್ನ ಹಕ್ಕನ್ನೇ ಕಳೆದುಕೊಳ್ಳಬಹುದು. ಇದಕ್ಕೆ ಪ್ರತಿಕೂಲ ಸ್ವಾಧೀನವೆಂದು ಹೆಸರು. ಪ್ರಾಮಾಣಿಕನಾದ ಒಡೆಯನಿಗೆ ಇದು ಬಹು ಕಠೋರವಾದ ನಿಯಮವೆಂದೂ ಸರ್ಕಾರವು ಇದನ್ನು ಪುನರ್ವಿಮರ್ಶಿಸಬೇಕೆಂದೂ 2008ರ ಒಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಆದರೂ ನಿಯಮವು ಇಂದಿಗೂ ಉಳಿದಿದೆ. ಇದಕ್ಕೆ ಪ್ರತಿಯಾಗಿ, ಒಡೆಯನ ಅನುಮತಿಯಿಂದ ಅನುಭವಿಸುವವನಿಗೆ ಎಷ್ಟು ವರ್ಷ ಕಳೆದರೂ ಅಂತಹ ಹಕ್ಕು ಹುಟ್ಟುವುದಿಲ್ಲ. ವಿಚಾರಿಸಿ ನೋಡಿದರೆ ಇಲ್ಲಿಯೂ ಅದೇ ತತ್ತ್ವವಿದೆ: ಬಾಯಿಬಿಟ್ಟು ಕೊಟ್ಟ ಅನುಮತಿಯು ಇಬ್ಬರನ್ನೂ ಕಾಯುತ್ತದೆ, ಬಾಯಿಮುಚ್ಚಿಕೊಂಡ ಮೌನವು ಒಬ್ಬನನ್ನು ನಿರ್ಗತಿಕನನ್ನಾಗಿಯೂ ಇನ್ನೊಬ್ಬನನ್ನು ಅಪಹಾರಿಯನ್ನಾಗಿಯೂ ಮಾಡುತ್ತದೆ.

ಪತ್ನಿಯ ಮಾತನ್ನು ಕೇಳಿದ ನಾನು ಹದ್ದುಬಸ್ತಿಗಾಗಿ ಅರ್ಜಿಯನ್ನು ಕೊಟ್ಟೆನು. ಮೈಸೂರು ಸೀಮೆಯಲ್ಲಿ 1863ರಲ್ಲಿ ಭೂಮಾಪನ ಕಾರ್ಯವು ಆರಂಭವಾದಾಗಿನಿಂದ ಬಂದ ದಾಖಲೆಗಳ ಪರಂಪರೆಯು ನಮ್ಮ ಕಚೇರಿಗಳಲ್ಲಿದೆ. ಅರ್ಜಿಯು ಬಂದ ಮೇಲೆ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ತಿಳಿವಳಿಕೆ ಪತ್ರವನ್ನು ಕಳುಹಿಸಿ, ಟಿಪ್ಪಣಿಯನ್ನೂ ಗ್ರಾಮದ ನಕಾಶೆಯನ್ನೂ ಹಿಡಿದುಕೊಂಡು ಬಂದು, ಎಲ್ಲರ ಎದುರಿನಲ್ಲಿ ಅಳೆಯುತ್ತಾರೆ. ಮೂಡಲ ಬೇಲಿಯು ಸುಮಾರು ಮೂರಡಿ ಒಳಗೆ ಬಂದಿರುವುದು ಸಿದ್ಧವಾಯಿತು. ನಾನು ಗೆದ್ದವನಂತೆ ನಿಂತಿದ್ದೆನು. ಅಷ್ಟರಲ್ಲಿ ಭೂಮಾಪಕರು ಪಡುವಲ ಕಡೆಗೆ ನಡೆದು, “ಮೇಷ್ಟ್ರೇ, ನಕಾಶೆಯ ಬಂಡಿದಾರಿ ಇಲ್ಲಿ ಬರುತ್ತದೆ. ನಿಮ್ಮ ಬೇಲಿ ಎರಡಡಿ ದಾರಿಯ ಮೇಲಿದೆ” ಎಂದರು. ಆ ಬೇಲಿಯನ್ನು ಹಾಕಿಸಿದವರು ನನ್ನ ತಂದೆಯವರೋ ಅವರ ತಂದೆಯವರೋ ತಿಳಿಯದು. ಆದರೆ ಅದರೊಳಗಿನ ಎರಡು ತೆಂಗಿನ ಮರಗಳ ಕಾಯಿಗಳನ್ನು ಇಷ್ಟು ವರ್ಷ ತಿಂದವನು ನಾನೇ. ಸೊಪ್ಪಿನ ಹೊರೆಯನ್ನು ಹೊತ್ತ ಹೆಂಗಸರು ಆ ಕಿರಿದಾದ ದಾರಿಯಲ್ಲಿ ಬೇಲಿಯ ಮುಳ್ಳಿಗೆ ಸೆರಗು ಸಿಕ್ಕಿಸಿಕೊಂಡು ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೆನು. ಅವರಲ್ಲಿ ಒಬ್ಬರೂ ನನ್ನನ್ನು ಕೇಳಿರಲಿಲ್ಲ. ಅವರ ಮೌನವನ್ನು ನಾನು ಒಪ್ಪಿಗೆಯೆಂದೂ ಎಣಿಸಿರಲಿಲ್ಲ, ಕ್ಷಮೆಯೆಂದೂ ಎಣಿಸಿರಲಿಲ್ಲ. ಅದನ್ನು ಎಣಿಸಿಯೇ ಇರಲಿಲ್ಲ.

ಆದುದರಿಂದ ಅಳತೆಗೆ ಹೊರಟ ಗೃಹಸ್ಥನು ನಾಲ್ಕೂ ದಿಕ್ಕಿನ ಅಳತೆಗೆ ಸಿದ್ಧನಾಗಿರಬೇಕು. ಬೇಲಿಯನ್ನು ಸರಿಸದೆಯೂ ಒತ್ತುವರಿ ನಡೆಯುತ್ತದೆಂಬುದನ್ನೂ ಮರೆಯಬಾರದು. ನಮ್ಮ ಟೊಮೇಟೊ ಗಿಡಕ್ಕೆ ಹೊಡೆದ ಔಷಧವು ಗಾಳಿಯಲ್ಲಿ ನೆರೆಯವನ ಹಿಪ್ಪುನೇರಳೆಯ ಮೇಲೆ ಬಿದ್ದರೆ, ಆ ಸೊಪ್ಪನ್ನು ತಿಂದ ರೇಷ್ಮೆಹುಳುಗಳು ಸಾಯುತ್ತವೆ. ಒಂದು ಕುಟುಂಬದ ತಿಂಗಳ ದುಡಿಮೆ ಹೋಗುತ್ತದೆ. ನಮ್ಮ ಬದುವಿನ ನೀಲಗಿರಿಯ ಬೇರುಗಳು ಆಚೆಯ ಹೊಲದ ತೇವವನ್ನು ಹೀರುತ್ತವೆ. ಸಾವಿರ ಅಡಿಗೂ ಆಳವಾಗಿ ಕೊರೆದ ನಮ್ಮ ಕೊಳವೆಬಾವಿಯು ಯಾವ ಸರ್ವೆ ನಂಬರಿನ ನೀರನ್ನು ಎತ್ತುತ್ತಿದೆಯೆಂದು ಯಾವ ನಕಾಶೆಯೂ ಹೇಳಲಾರದು. ಕೆರೆಯ ಅಂಗಳವನ್ನೂ ರಾಜಕಾಲುವೆಯನ್ನೂ ಒತ್ತಿದವನಿಗೆ ಇಡೀ ಊರೇ ನೆರೆ. ಆ ನೆರೆಯವನು ಬಂದು ಬಾಗಿಲು ತಟ್ಟುವುದಿಲ್ಲವೆಂಬುದೇ ಅವನ ಧೈರ್ಯ.

ನಾನು ಮೊದಲು ಪಡುವಲ ಬೇಲಿಯನ್ನು ಕೀಳಿಸಿದೆನು. ತೆಂಗಿನ ಮರಗಳನ್ನು ಕಡಿಸುವಾಗ ಮನಸ್ಸಿಗೆ ನೋವಾಗದಿರಲಿಲ್ಲ. ಆಮೇಲೆ ಮೂಡಲ ತೋಟಕ್ಕೆ ಒಬ್ಬನೇ ಹೋಗಿ, “ಏನಪ್ಪಾ, ಅಳತೆಯನ್ನು ನೀನೂ ನೋಡಿದೆ. ನನ್ನ ತಪ್ಪನ್ನು ನಾನು ತಿದ್ದಿಕೊಂಡಿದ್ದೇನೆ. ನಿನ್ನದನ್ನು ನೀನು ಯೋಚಿಸಬೇಕು” ಎಂದೆನು. ಆ ಯುವಕನು ತಲೆ ತಗ್ಗಿಸಿ, “ಮೇಷ್ಟ್ರೇ, ಕಂಬ ನೆಟ್ಟ ದಿನ ನೀವು ಬಂದು ನೋಡಿ ಹೋದಿರಿ. ಒಂದು ಮಾತೂ ಆಡಲಿಲ್ಲ. ನಿಮಗೆ ಒಪ್ಪಿಗೆಯೆಂದೇ ನಾನು ತಿಳಿದಿದ್ದೆ” ಎಂದನು. ಅದು ಪೂರ್ಣ ಸತ್ಯವೋ, ಅರ್ಧ ಸತ್ಯವೋ ನಾನು ಅರಿಯೆ. ಆದರೆ ಅವನಿಗೆ ಆ ಮಾತನ್ನು ಆಡುವ ಅವಕಾಶವನ್ನು ಕೊಟ್ಟವನು ನಾನೇ ಎಂಬುದನ್ನು ಅಲ್ಲಗಳೆಯಲಾರೆನು. ತಪ್ಪುಮಾಡುತ್ತಿರುವ ನೆರೆಯವನಿಗೆ ಹೇಳದಿರುವುದು ಅವನಿಗೆ ಮಾಡುವ ಉಪಕಾರವಲ್ಲ. ಅವನನ್ನು ಅವನ ತಪ್ಪಿನೊಡನೆ ಒಂಟಿಯಾಗಿ ಬಿಟ್ಟುಹೋಗುವುದು.

ಅವನು ಬೆಳೆಯು ಮುಗಿದ ಮೇಲೆ ಕಂಬಗಳನ್ನು ಸರಿಸಿದನು. ಎಲ್ಲವನ್ನೂ ಅಲ್ಲ. ಮೂಲೆಯಲ್ಲಿ ಅವನ ಕೊಳವೆಬಾವಿಯ ಪಂಪಿನ ಗೂಡು ನಮ್ಮ ನೆಲದೊಳಗೆ ಒಂದು ಮೊಳ ಬಂದಿತ್ತು. ಅದನ್ನು ಕೆಡವಿದರೆ ಅವನಿಗೆ ಬಹಳ ನಷ್ಟ. ನನಗೆ ಬರುವುದು ಒಂದು ಮೊಳ ಮಣ್ಣು. ಅಷ್ಟು ನೆಲವು ನನ್ನದೆಂದೂ ಅನುಮತಿಯಿಂದ ಅವನು ಬಳಸಬಹುದೆಂದೂ ಒಂದು ಕಾಗದವನ್ನು ಬರೆದು ಇಬ್ಬರೂ ಸಹಿ ಮಾಡಿದೆವು. ಒಂಬತ್ತು ವರ್ಷ ಮೂರಡಿಯನ್ನು ಕೊಟ್ಟೆನೆಂದು ಭ್ರಮಿಸಿದ್ದ ನಾನು ನಿಜವಾಗಿ ಕೊಟ್ಟುದು ಆ ಒಂದು ಮೊಳವನ್ನು ಮಾತ್ರ. ನಮ್ಮಿಬ್ಬರಿಗೆ ಅತಿಸ್ನೇಹವೇನೂ ಬೆಳೆದಿಲ್ಲ. ಆದರೆ ನಮಸ್ಕಾರವು ಈಗ ಅರ್ಧಕ್ಕೆ ನಿಲ್ಲುವುದಿಲ್ಲ. ಪೂಜೆಗೆ ಕುಳಿತಾಗ ಕಂಬಗಳು ಎದುರಿಗೆ ಬರುವುದಿಲ್ಲ.

ಎಲ್ಲ ನೆರೆಯವರೂ ಹೀಗೆ ಒಪ್ಪುವರೆಂದು ನಾನು ಹೇಳಲಾರೆನು. ಒಪ್ಪದವರ ಮುಂದೆ ಊರ ಹಿರಿಯರಿದ್ದಾರೆ. ಅವರಿಂದಲೂ ಆಗದಿದ್ದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಿದೆ. 1987ರ ಕಾನೂನು ಸೇವೆಗಳ ಅಧಿನಿಯಮದಂತೆ ನಡೆಯುವ ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ಮಾಡಿಕೊಂಡ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬಲವುಂಟು. ಅಲ್ಲಿಯೂ ಆಗದಿದ್ದರೆ ದಾವೆ ಹೂಡುವುದು ಪಾಪವಲ್ಲ. ತನ್ನದಲ್ಲದ ಒಂದಡಿಯನ್ನೂ ಕೇಳದೆ, ನೆರೆಯವನ ಮಕ್ಕಳನ್ನು ಮಾತಾಡಿಸುವುದನ್ನು ಬಿಡದೆ, ಸೋತರೂ ಗೆದ್ದರೂ ಒಂದೇ ಮುಖದಿಂದ ಮನೆಗೆ ಹಿಂದಿರುಗುವ ಮನಸ್ಸಿದ್ದವನು ನ್ಯಾಯಾಲಯದ ಮೆಟ್ಟಿಲನ್ನೂ ಭಕ್ತನಾಗಿಯೇ ಹತ್ತಬಹುದು.

ಕರ್ನಾಟಕದ 1964ರ ಭೂಕಂದಾಯ ಅಧಿನಿಯಮದಲ್ಲಿ ಒಂದು ವಿಧಿಯಿದೆ: ಭೂಮಿಯ ಎಲ್ಲೆಯ ಗುರುತುಗಳನ್ನು ಸುಸ್ಥಿತಿಯಲ್ಲಿ ಕಾಪಾಡಿಕೊಳ್ಳುವ ಹೊಣೆಯು ಆ ಭೂಮಿಯ ಹಿಡುವಳಿದಾರನದೇ. ಬಾಂದುಕಲ್ಲು ಮಣ್ಣಿನಲ್ಲಿ ಹೂತುಹೋಗಲು ಬಿಟ್ಟು ನೆರೆಯವನನ್ನು ದೂರುವುದು ಅರ್ಧ ನ್ಯಾಯ. ಆದುದರಿಂದ ಸದ್ಭಕ್ತರು ಈ ಬೇಸಿಗೆಯಲ್ಲಿ ಒಂದು ದಿನ ತಮ್ಮ ತೋಟದ ನಾಲ್ಕೂ ಮೂಲೆಗಳಿಗೆ ಹೋಗಿ, ಬಾಂದುಕಲ್ಲುಗಳ ಸುತ್ತಣ ಕಳೆಯನ್ನು ಕಿತ್ತು, ಕಲ್ಲು ಕಾಣುವಂತೆ ಮಾಡಲಿ. ಸಾಧ್ಯವಾದರೆ ನೆರೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಹಿಂದೆ ಲಿಂಗಮುದ್ರೆಯ ಕಲ್ಲನ್ನು ಕಂಡು ಜನರು ಹೆಜ್ಜೆಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಇಂದಿನ ಬಾಂದುಕಲ್ಲಿನ ಮೇಲೆ ಆ ಮುದ್ರೆಯಿಲ್ಲ; ಆದರೆ ಲಿಂಗವನ್ನು ಎದೆಯ ಮೇಲೆಯೇ ಧರಿಸಿದವರಿಗೆ ಅದು ಕಲ್ಲಿನ ಮೇಲೆಯೂ ಇರಲೇಬೇಕೆ?